ಅಮ್ಮನ ಫೋನಿಗೆ ಯಾವ ಬೀಗ?

ಹಳ್ಳಿ ಮಕ್ಕಳ ಓದು, ಲೆಕ್ಕ ಎಷ್ಟರಮಟ್ಟಿಗಿದೆ ಎಂದು ಮನೆಮನೆಗೆ ಹೋಗಿ ನೋಡುವ ‘ಅಸರ್’ ಸಮೀಕ್ಷೆ 2024ರ ಸುತ್ತಿನಲ್ಲಿ ಮೊಬೈಲ್ ಬಗ್ಗೆಯೂ ಕೇಳಿತ್ತು. ಗ್ರಾಮೀಣ ಭಾರತದ 14ರಿಂದ 16 ವರ್ಷದ ಮಕ್ಕಳಲ್ಲಿ ಶೇ 82ರಷ್ಟು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಹಿಂದಿನ ವಾರ ಅದನ್ನು ಓದಿಗೆ ಬಳಸಿದವರು ಶೇ 57, ಸೋಷಿಯಲ್ ಮೀಡಿಯಾಕ್ಕೆ ಬಳಸಿದವರು ಶೇ 76. ಸುದ್ದಿಯಾದದ್ದು ಈ ಎರಡು ಅಂಕಿಗಳೇ. ನನ್ನ ಗಮನ ನಿಂತದ್ದು ಅದೇ ವರದಿಯ ಇನ್ನೊಂದು ಲೆಕ್ಕದ ಮೇಲೆ. ಫೋನ್ ಬಳಸಬಲ್ಲ 14ರ ಮಕ್ಕಳಲ್ಲಿ ಸ್ವಂತ ಫೋನ್ ಇರುವುದು ಶೇ 27ರಷ್ಟು ಮಂದಿಗೆ, 16ಕ್ಕೆ ಬರುವ ಹೊತ್ತಿಗೆ ಶೇ 37.8. ಉಳಿದವರ ಕೈಯಲ್ಲಿರುವುದು ಅಮ್ಮನದೋ ಅಪ್ಪನದೋ ಅಣ್ಣನದೋ ಫೋನು.

ಮಕ್ಕಳ ಫೋನಿನಲ್ಲಿ ಸೋಷಿಯಲ್ ಮೀಡಿಯಾ ಬ್ಲಾಕ್ ಮಾಡುವುದು ಹೇಗೆ ಎಂದು ಕೇಳಿದರೆ ಉತ್ತರಗಳಿಗೆ ಬರವಿಲ್ಲ. ಆದರೆ ಆ ಉತ್ತರಗಳೆಲ್ಲ ನಾಲ್ಕು ಸಂಗತಿಗಳು ಮೊದಲೇ ಇವೆ ಎಂದು ಹಿಡಿದಿರುತ್ತವೆ: ಮಗುವಿಗೆ ಬೇರೆ ಫೋನಿದೆ, ಅದರಲ್ಲಿ ಮಗುವಿನದೇ ಖಾತೆಯಿದೆ, ಖಾತೆಗೆ ಕೊಟ್ಟ ಹುಟ್ಟಿದ ತಾರೀಖು ನಿಜದ್ದು, ಮತ್ತು ಸೆಟ್ಟಿಂಗ್ಸ್ ವಿಷಯದಲ್ಲಿ ಹೆತ್ತವರು ಮಕ್ಕಳಿಗಿಂತ ಒಂದು ಹೆಜ್ಜೆ ಮುಂದಿದ್ದಾರೆ. ನಮ್ಮ ಎಷ್ಟೋ ಮನೆಗಳಲ್ಲಿ ಈ ನಾಲ್ಕರಲ್ಲಿ ಒಂದೂ ಇಲ್ಲ. ಪೇರೆಂಟಲ್ ಕಂಟ್ರೋಲ್ ಎಂಬ ಬೀಗ ಬೇರೆ ಯಾವುದೋ ಮನೆಯ ಬಾಗಿಲಿನ ಅಳತೆಗೆ ಮಾಡಿದ್ದು. ಅದು ಕೆಲಸಕ್ಕೆ ಬರುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಎಲ್ಲಿ ಕೂರುತ್ತದೆ, ಎಲ್ಲಿ ಸಡಿಲ ಎಂದು ತಿಳಿದುಕೊಳ್ಳದೆ ಹಾಕಿದರೆ ಹಾಕಿದವರಿಗೆ ಒಂದು ಸಮಾಧಾನ, ಅಷ್ಟೆ.

ಮೊದಲು ವಯಸ್ಸಿನ ವಿಚಾರ. ಇನ್‌ಸ್ಟಾಗ್ರಾಮ್, ಫೇಸ್‌ಬುಕ್ ಖಾತೆಗೆ 13 ತುಂಬಿರಬೇಕು ಎಂಬ ನಿಯಮ ಎಲ್ಲರಿಗೂ ಗೊತ್ತು. ಈ 13 ಎಲ್ಲಿಂದ ಬಂತು? ಮಕ್ಕಳ ಮನಸ್ಸು ಬಲ್ಲವರು ಕೂತು ತೂಗಿ ನೋಡಿ ಕೊಟ್ಟ ಸಂಖ್ಯೆ ಇದು ಎಂದು ಎಷ್ಟೋ ಮಂದಿ ಭಾವಿಸಿದ್ದಾರೆ. ಹಾಗಲ್ಲ. ಅಮೆರಿಕ 1998ರಲ್ಲಿ ಮಕ್ಕಳ ಆನ್‌ಲೈನ್ ಖಾಸಗಿತನದ ಕಾಯ್ದೆಯೊಂದನ್ನು ಮಾಡಿತು. 13ಕ್ಕಿಂತ ಚಿಕ್ಕವರ ವಿವರ ಸಂಗ್ರಹಿಸಬೇಕಾದರೆ ಹೆತ್ತವರ ಒಪ್ಪಿಗೆ ಪಡೆಯಬೇಕು ಎಂದಿತು. ಒಪ್ಪಿಗೆ ಪಡೆಯುವ ತಲೆನೋವೇ ಬೇಡವೆಂದು ಕಂಪನಿಗಳು 13ರ ಒಳಗಿನವರಿಗೆ ಪ್ರವೇಶವಿಲ್ಲ ಎಂದು ಬೋರ್ಡು ಹಾಕಿಬಿಟ್ಟವು. ಬಾಗಿಲಲ್ಲಿ ಕೇಳುವುದು ಹುಟ್ಟಿದ ವರ್ಷ ಮಾತ್ರ. ಒಂಬತ್ತರ ಹುಡುಗನಿಗೂ ಇಸವಿಯನ್ನು ಹಿಂದಕ್ಕೆ ಸರಿಸುವುದು ಗೊತ್ತು. ನಮ್ಮ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ 2021ರಲ್ಲಿ ಹೊರತಂದ ಅಧ್ಯಯನದಲ್ಲಿ, ಕೇಳಲಾದ ಹತ್ತು ವರ್ಷದ ಮಕ್ಕಳಲ್ಲಿ ಶೇ 37.8ರಷ್ಟು ಮಂದಿಗೆ ಫೇಸ್‌ಬುಕ್ ಖಾತೆಯಿತ್ತು, ಶೇ 24.3ರಷ್ಟು ಮಂದಿಗೆ ಇನ್‌ಸ್ಟಾಗ್ರಾಮ್.

ಈ ಸಣ್ಣ ಸುಳ್ಳಿನ ಪರಿಣಾಮ ಮುಂದಿನ ವರ್ಷಗಳಲ್ಲಿ ಕಾಣುತ್ತದೆ. ಇನ್‌ಸ್ಟಾಗ್ರಾಮ್ 2025ರ ಫೆಬ್ರುವರಿಯಲ್ಲಿ ಭಾರತಕ್ಕೂ ‘ಟೀನ್ ಅಕೌಂಟ್’ ತಂದಿತು. ಖಾತೆ ತಾನಾಗಿ ಪ್ರೈವೇಟ್ ಆಗಿರುತ್ತದೆ, ಗುರುತಿಲ್ಲದವರು ಮೆಸೇಜ್ ಕಳಿಸುವಂತಿಲ್ಲ, ರಾತ್ರಿ 10ರಿಂದ ಬೆಳಗ್ಗೆ 7ರವರೆಗೆ ನೋಟಿಫಿಕೇಷನ್ ಸದ್ದಿಲ್ಲ, ದಿನಕ್ಕೆ 60 ನಿಮಿಷವಾದರೆ ಎಚ್ಚರಿಕೆ. 16ರೊಳಗಿನವರು ಇದನ್ನು ಸಡಿಲಿಸಬೇಕಾದರೆ ಹೆತ್ತವರು ಒಪ್ಪಬೇಕು. ಇವು ಒಳ್ಳೆಯ ಏರ್ಪಾಡುಗಳೇ. ಆದರೆ ಒಂಬತ್ತರಲ್ಲಿ ತನಗೆ 13 ಎಂದು ಹೇಳಿಕೊಂಡು ಒಳಹೊಕ್ಕ ಹುಡುಗ 14ಕ್ಕೆ ಬಂದಾಗ ಖಾತೆಯ ಲೆಕ್ಕದಲ್ಲಿ 18 ದಾಟಿರುತ್ತಾನೆ. ಅಮ್ಮನ ಹೆಸರಿನ ಖಾತೆಯಲ್ಲಿ ನೋಡುವ ಹುಡುಗಿಯ ವಯಸ್ಸು ಆ ಲೆಕ್ಕದಲ್ಲಿ 38. ಸುಳ್ಳು ವಯಸ್ಸನ್ನು ಯಂತ್ರದಿಂದ ಪತ್ತೆ ಹಚ್ಚುತ್ತೇವೆ ಎಂದು ಕಂಪನಿ ಹೇಳುತ್ತದೆ. 38ರ ಅಮ್ಮನ ಖಾತೆಯಲ್ಲಿ ಸಂಜೆ ಆರರಿಂದ ಎಂಟರವರೆಗೆ ಕೂರುವುದು ಯಾರು ಎಂದು ಅದು ಹೇಗೆ ಪತ್ತೆ ಮಾಡೀತೋ, ನನಗಂತೂ ಅನುಮಾನ.

ಇನ್ನು ಬೀಗಗಳು. ಆಂಡ್ರಾಯ್ಡ್‌ಗೆ ಗೂಗಲ್‌ನ ‘ಫ್ಯಾಮಿಲಿ ಲಿಂಕ್’ 2017ರಿಂದ ಇದೆ. ಐಫೋನ್‌ನ ‘ಸ್ಕ್ರೀನ್ ಟೈಮ್’ 2018ರಲ್ಲಿ ಬಂತು. ಎರಡೂ ಬಿಟ್ಟಿ. ಸಾಫ್ಟ್‌ವೇರ್‌ಗೆ ದುಡ್ಡು ಕೊಡುವ ಅಗತ್ಯ ಹೆಚ್ಚಿನ ಮನೆಗಳಿಗೆ ಇಲ್ಲ. ಹತ್ತು-ಹನ್ನೆರಡು ಸಾವಿರದ ಆಂಡ್ರಾಯ್ಡ್ ಫೋನು ಮಗುವಿಗೆಂದೇ ಇದ್ದರೆ, ಮಗುವಿನ ನಿಜವಾದ ವಯಸ್ಸು ಕೊಟ್ಟು ಹೊಸ ಗೂಗಲ್ ಖಾತೆ ತೆರೆದು, ನಿಮ್ಮ ಖಾತೆಗೆ ಜೋಡಿಸಬೇಕು. ಆಮೇಲೆ ಮಗು ಯಾವ ಆ್ಯಪ್ ಹಾಕಿಕೊಳ್ಳಹೋದರೂ ನಿಮ್ಮ ಫೋನಿಗೆ ಕೇಳಿಕೆ ಬರುತ್ತದೆ, ಒಪ್ಪಿದರೆ ಮಾತ್ರ ಇಳಿಯುತ್ತದೆ. ಇರುವ ಆ್ಯಪನ್ನು ಮುಚ್ಚಬಹುದು, ಒಂದೊಂದಕ್ಕೂ ಇಷ್ಟು ನಿಮಿಷ ಎಂದು ಕಟ್ಟಬಹುದು, ಮಲಗುವ ಹೊತ್ತಿಗೆ ಇಡೀ ಫೋನನ್ನೇ ನಿಲ್ಲಿಸಬಹುದು. ಮಗು ಎಲ್ಲಿದೆ ಎಂದೂ ತೋರಿಸುತ್ತದೆ. ಮಗುವಿನ ಮೆಸೇಜುಗಳನ್ನು ಮಾತ್ರ ನಿಮಗೆ ಓದಿಸುವುದಿಲ್ಲ. ಅದನ್ನು ಕೊರತೆ ಎನ್ನುವವರಿದ್ದಾರೆ, ನನಗೆ ಅದು ಗುಣವಾಗಿಯೇ ಕಾಣುತ್ತದೆ.

ಹೆಚ್ಚಿನವರು ಎಡವುವುದು ಬ್ರೌಸರಿನ ಹತ್ತಿರ. ಇನ್‌ಸ್ಟಾಗ್ರಾಮ್ ಆ್ಯಪ್ ಮುಚ್ಚಿ ಕ್ರೋಮ್ ತೆರೆದಿಟ್ಟರೆ ಅದೇ ಇನ್‌ಸ್ಟಾಗ್ರಾಮ್ ಅಲ್ಲಿ ವೆಬ್‌ಸೈಟಾಗಿ ಕೂತಿರುತ್ತದೆ. ಆ ವಿಳಾಸವನ್ನೂ ತಡೆಯುವ ಪಟ್ಟಿಗೆ ಸೇರಿಸಬೇಕು. ಇನ್ನು ಯೂಟ್ಯೂಬ್. ಇನ್‌ಸ್ಟಾ ತೆಗೆಸಿ ಗೆದ್ದೆವೆಂದುಕೊಂಡ ಮನೆಗಳಲ್ಲಿ ಮಕ್ಕಳು ಶಾರ್ಟ್ಸ್‌ನಲ್ಲಿ ಮುಳುಗಿರುತ್ತಾರೆ. ಈ ಪಾಠವನ್ನು ನಾವು ದೇಶದ ಮಟ್ಟದಲ್ಲೇ ಕಲಿತಿರಬೇಕಿತ್ತು. 2020ರ ಜೂನ್ 29ರಂದು ಸರ್ಕಾರ ಟಿಕ್‌ಟಾಕ್ ನಿಷೇಧಿಸಿತು. ಕಾರಣ ಬೇರೆ, ಆದರೆ ಆದದ್ದು ಇಷ್ಟು: ಜುಲೈನಲ್ಲಿ ಇಲ್ಲಿ ರೀಲ್ಸ್ ಬಂತು, ಸೆಪ್ಟೆಂಬರ್‌ನಲ್ಲಿ ಶಾರ್ಟ್ಸ್‌ನ ಮೊದಲ ಪ್ರಯೋಗ ಭಾರತದಲ್ಲೇ ನಡೆಯಿತು. ನೋಡುವ ಚಟ ಒಂದು ದಿನವೂ ಉಪವಾಸ ಬೀಳಲಿಲ್ಲ.

ವಾಟ್ಸ್‌ಆ್ಯಪ್ ಇನ್ನೂ ಕಗ್ಗಂಟು. ಅದನ್ನು ಮುಚ್ಚಲಾಗದು, ಏಕೆಂದರೆ ಶಾಲೆಯೇ ಅಲ್ಲಿದೆ. ಕೊರೊನಾ ಕಾಲದಲ್ಲಿ ಪಾಠಕ್ಕೆಂದು ಹುಟ್ಟಿದ ಗ್ರೂಪುಗಳು ಶಾಲೆ ತೆರೆದ ಮೇಲೂ ಉಳಿದುಕೊಂಡವು, ಡೈರಿಯಲ್ಲಿ ಬರೆಸುತ್ತಿದ್ದ ಹೋಂವರ್ಕ್ ಗ್ರೂಪಿಗೆ ಹೋಯಿತು. ರಾತ್ರಿ ಎಂಟಕ್ಕೆ ‘ನಾಳೆ ಚಾರ್ಟ್ ಶೀಟ್ ತರುವುದು’ ಎಂದು ಟೀಚರ್ ಮೆಸೇಜ್ ಬೀಳುತ್ತದೆ. ಅದನ್ನು ನೋಡಲು ಮಗಳು ಅಮ್ಮನ ಫೋನ್ ತೆಗೆದುಕೊಳ್ಳುತ್ತಾಳೆ. ಅದರ ಕೆಳಗೇ ಮನೆಯವರ ಗ್ರೂಪಿನಲ್ಲಿ ಚಿಕ್ಕಪ್ಪ ಕಳಿಸಿದ ರೀಲ್ಸ್ ಲಿಂಕು. ಮುಟ್ಟಿದರೆ ತೆರೆದುಕೊಳ್ಳುತ್ತದೆ. ಅಮ್ಮ ಒಗ್ಗರಣೆ ಮುಗಿಸಿ ಬಂದು ‘ಇನ್ನೂ ಹೋಂವರ್ಕ್ ಬರ್ಕೊಂಡಿಲ್ವೇನೇ?’ ಎನ್ನುವಾಗ ಅರ್ಧ ಗಂಟೆ ಕಳೆದಿರುತ್ತದೆ. ಈ ಅರ್ಧ ಗಂಟೆಯನ್ನು ತಡೆಯುವ ಆ್ಯಪ್ ಇನ್ನೂ ಬಂದಿಲ್ಲ. ಶಾಲೆಗಳು ಮತ್ತೆ ಡೈರಿಗೆ ಮರಳಿದರೆ ಎಷ್ಟೋ ಪೇರೆಂಟಲ್ ಕಂಟ್ರೋಲ್‌ಗಿಂತ ಹೆಚ್ಚು ಉಪಕಾರವಾದೀತು.

ಹಾಗಾದರೆ ಅಮ್ಮನ ಫೋನಿಗೆ ಏನು ಮಾಡಬಹುದು? ಇದರ ಬಗ್ಗೆ ಬರೆಯುವವರು ಕಡಿಮೆ, ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಹಲವು ಕಂಪನಿಗಳ ಆಂಡ್ರಾಯ್ಡ್ ಫೋನುಗಳಲ್ಲಿ ಆ್ಯಪ್ ಲಾಕ್ ಒಳಗೇ ಇರುತ್ತದೆ. ಇನ್‌ಸ್ಟಾ, ಫೇಸ್‌ಬುಕ್, ಬ್ರೌಸರ್, ಪ್ಲೇ ಸ್ಟೋರ್‌ಗೆ ಫೋನಿನ ಪಿನ್ ಬಿಟ್ಟು ಬೇರೆಯೇ ಪಿನ್ ಹಾಕಬಹುದು. ಒಂದೇ ಆ್ಯಪನ್ನು ಪರದೆಗೆ ಪಿನ್ ಮಾಡಿ ಕೊಡುವ ಸೌಲಭ್ಯವಿದೆ, ಹೊರಬರುವಾಗ ಪಿನ್ ಕೇಳುವ ಆಯ್ಕೆ ಹಾಕಿಟ್ಟರೆ ಪಿನ್ ಗೊತ್ತಿಲ್ಲದೆ ಅದರಿಂದ ಹೊರಬರಲಾಗದು. ಐಫೋನ್‌ನಲ್ಲಿ ಇದೇ ಕೆಲಸಕ್ಕೆ ‘ಗೈಡೆಡ್ ಆ್ಯಕ್ಸೆಸ್’ ಇದೆ. ಕೆಲವು ಫೋನುಗಳಲ್ಲಿ ಎರಡನೇ ಬಳಕೆದಾರರನ್ನು ಸೇರಿಸಬಹುದು, ಮಗುವಿಗೆ ಬೇರೆಯದೇ ಕೋಣೆ ಕೊಟ್ಟಂತಾಗುತ್ತದೆ. ಕೆಲವು ಕಂಪನಿಗಳು ಈ ಸೌಲಭ್ಯವನ್ನೇ ತೆಗೆದುಹಾಕಿವೆ. ಇದೆಲ್ಲಕ್ಕಿಂತ ಮೊದಲ ಕೆಲಸ ಮಗುವಿನ ಬೆರಳಚ್ಚನ್ನು ಫೋನಿನಿಂದ ತೆಗೆಯುವುದು. ಅಮ್ಮನ ಫೋನ್‌ಪೇ ಕಟ್ಟಿಕೊಡುವುದೂ ರೀಚಾರ್ಜ್ ಮಾಡುವುದೂ ಮಗನೇ ಆದ ಮನೆಯಲ್ಲಿ ಅವನ ಬೆರಳಚ್ಚು ಅಮ್ಮನದರ ಪಕ್ಕದಲ್ಲೇ ಇರುತ್ತದೆ. ಪಿನ್ ಹಾಕಿಕೊಟ್ಟವನೂ ಅವನೇ. ಬೀಗ ಯಾರಿಗಾಗಿಯೋ ಅವನ ಕೈಯಲ್ಲೇ ಕೀಲಿ!

ಸ್ವಂತ ಫೋನಿದ್ದ ಮಕ್ಕಳಿಗೂ ದಾರಿಗಳಿಗೆ ಕೊರತೆಯಿಲ್ಲ. ಹೆತ್ತವರು ಚಾಪೆ ಕೆಳಗೆ ತೂರಿದರೆ ಅವರು ರಂಗೋಲಿ ಕೆಳಗೆ ತೂರುತ್ತಾರೆ. ಸ್ಕ್ರೀನ್ ಟೈಮ್ ಬಂದ ಹೊಸದರಲ್ಲೇ ಮಕ್ಕಳು ಫೋನಿನ ಗಡಿಯಾರ ಹಿಂದಕ್ಕೆ ತಿರುಗಿಸಿ ಮಿತಿ ದಾಟಿದ್ದು, ಆ್ಯಪ್ ಅಳಿಸಿ ಮತ್ತೆ ಇಳಿಸಿಕೊಂಡದ್ದು ಸುದ್ದಿಯಾಗಿತ್ತು. ವಿಪಿಎನ್, ಫ್ಯಾಕ್ಟರಿ ರೀಸೆಟ್, ಎಲ್ಲಿಂದಲೋ ತಂದ ಎಪಿಕೆ ಫೈಲು, ಅಪ್ಪ ಪಿನ್ ಒತ್ತುವಾಗ ಬೆರಳಿನ ಮೇಲೆ ಇಟ್ಟ ಕಣ್ಣು, ಕೊನೆಗೆ ಪಕ್ಕದ ಮನೆಯ ಗೆಳೆಯನ ಫೋನು. ಈ ಕೊನೆಯದಕ್ಕೆ ಜಗತ್ತಿನ ಯಾವ ಕಂಪನಿಯಲ್ಲೂ ಮದ್ದಿಲ್ಲ.

ಇಷ್ಟೆಲ್ಲ ಮಾಡಿದರೆ ಪ್ರಯೋಜನವಿದೆಯೇ? ಸಂಶೋಧನೆ ಹೇಳುವುದು ಮಾರುಕಟ್ಟೆಗೆ ಇಷ್ಟವಾಗುವ ಮಾತಲ್ಲ. ಆಕ್ಸ್‌ಫರ್ಡ್ ಇಂಟರ್ನೆಟ್ ಇನ್‌ಸ್ಟಿಟ್ಯೂಟ್‌ನ ಇಬ್ಬರು ಸಂಶೋಧಕರು 2018ರಲ್ಲಿ ಯುರೋಪಿನ ಮಕ್ಕಳ ದೊಡ್ಡ ಸಮೀಕ್ಷೆಯೊಂದರ ಮಾಹಿತಿ ಹಿಡಿದು, ಮನೆಯ ಇಂಟರ್ನೆಟ್ ಫಿಲ್ಟರ್ ಅಶ್ಲೀಲ ವಿಷಯ ಮಕ್ಕಳ ಕಣ್ಣಿಗೆ ಬೀಳುವುದನ್ನು ತಡೆಯುತ್ತದೆಯೇ ಎಂದು ನೋಡಿದರು. ಒಂದೇ ಒಂದು ಮಗುವಿಗೆ ಅದು ತಪ್ಪಬೇಕಾದರೆ 17ರಿಂದ 77 ಮನೆಗಳು ಫಿಲ್ಟರ್ ಹಾಕಬೇಕಾದೀತು ಎಂದು ಲೆಕ್ಕ ಬಂತು. ಅವರು ನೋಡಿದ್ದು ಅಶ್ಲೀಲ ವಿಷಯವನ್ನು, ಇನ್‌ಸ್ಟಾದಲ್ಲಿ ಕಳೆಯುವ ಹೊತ್ತನ್ನಲ್ಲ ಎಂಬುದನ್ನು ಮರೆಯಬಾರದು. ಅಮೆರಿಕದ ಪಮೇಲಾ ವಿಸ್ನೀವ್ಸ್ಕಿ ಮತ್ತು ಸಂಗಡಿಗರು 2017ರಲ್ಲಿ ಹದಿಹರೆಯದವರ ಸುರಕ್ಷತೆಯ 75 ಆಂಡ್ರಾಯ್ಡ್ ಆ್ಯಪ್‌ಗಳನ್ನು ಬಿಚ್ಚಿ ನೋಡಿದಾಗ, ಅವುಗಳ ಸೌಲಭ್ಯಗಳಲ್ಲಿ ಶೇ 89ರಷ್ಟು ಹೆತ್ತವರ ಹಿಡಿತಕ್ಕಾಗಿ ಇದ್ದವು. ಮಗು ತನ್ನನ್ನು ತಾನೇ ಹತೋಟಿಯಲ್ಲಿಟ್ಟುಕೊಳ್ಳಲು ನೆರವಾಗುವಂಥವು ಶೇ 11. ಮರುವರ್ಷ ಅದೇ ಗುಂಪು ಇನ್ನೊಂದು ಸ್ವಾರಸ್ಯದ ಕೆಲಸ ಮಾಡಿತು. ಇಂಥ ಆ್ಯಪ್‌ಗಳ ಬಗ್ಗೆ ಪ್ಲೇ ಸ್ಟೋರಿನಲ್ಲಿ ಮಕ್ಕಳೇ ಬರೆದಿದ್ದ 736 ವಿಮರ್ಶೆಗಳನ್ನು ಓದಿತು. ಶೇ 79ರಷ್ಟು ಮಕ್ಕಳು ಕೊಟ್ಟದ್ದು ಎರಡು ಸ್ಟಾರ್ ಇಲ್ಲವೇ ಅದಕ್ಕಿಂತ ಕಡಿಮೆ. ಕೈಕಟ್ಟಿದ ಹಗ್ಗಕ್ಕೆ ಯಾರು ಐದು ಸ್ಟಾರ್ ಕೊಡುತ್ತಾರೆ ಎಂದು ನಗಬಹುದು. ಆದರೆ ಆ ಮಕ್ಕಳ ದೂರಿನಲ್ಲಿ ಒಂದು ಅಂಶ ಮತ್ತೆ ಮತ್ತೆ ಬರುತ್ತದೆ: ನಮ್ಮನ್ನು ನಂಬುವುದಿಲ್ಲ, ನಮ್ಮ ಖಾಸಗಿ ಮಾತಿಗೆ ಬೆಲೆಯಿಲ್ಲ.

ಸೋಷಿಯಲ್ ಮೀಡಿಯಾ ಮಕ್ಕಳ ಮನಸ್ಸನ್ನು ಎಷ್ಟು ಕೆಡಿಸಿದೆ ಎಂಬುದರಲ್ಲೇ ವಿದ್ವಾಂಸರಿಗೆ ಒಮ್ಮತವಿಲ್ಲ. ಜೊನಾಥನ್ ಹೈಟ್ ಅವರ ‘ದಿ ಆ್ಯಂಕ್ಷಿಯಸ್ ಜನರೇಷನ್’ ಪುಸ್ತಕ 2024ರಲ್ಲಿ ಇಡೀ ತಲೆಮಾರಿನ ಆತಂಕಕ್ಕೆ ಸ್ಮಾರ್ಟ್‌ಫೋನನ್ನೇ ಹೊಣೆ ಮಾಡಿತು. ಮನೋವಿಜ್ಞಾನಿ ಕ್ಯಾಂಡಿಸ್ ಆಡ್ಜರ್ಸ್ ‘ನೇಚರ್’ ಪತ್ರಿಕೆಯಲ್ಲಿ ಇದಕ್ಕೆ ಸಾಕಷ್ಟು ಪುರಾವೆಯಿಲ್ಲ ಎಂದು ಬರೆದರು. ಜಗಳ ಮುಗಿಯುವ ತನಕ ಕಾಯಲು ಹೆತ್ತವರಿಗೆ ಪುರುಸೊತ್ತಿಲ್ಲ. ನಿದ್ದೆ ಕೆಡುವುದು, ಅಪರಿಚಿತರು ಮೆಸೇಜಿನಲ್ಲಿ ನುಸುಳುವುದು, ಈ ಎರಡಕ್ಕೆ ಪುಸ್ತಕದ ಸಾಕ್ಷಿ ಬೇಕಿಲ್ಲ. ರಾತ್ರಿ ಫೋನು ಮಲಗುವ ಕೋಣೆಯ ಹೊರಗೆ ಚಾರ್ಜಿಗೆ ಇರಬೇಕು ಎಂಬ ಒಂದು ನಿಯಮ, ಅಪ್ಪನಿಗೂ ಸೇರಿಸಿ ಜಾರಿಯಾದರೆ, ಯಾವ ಆ್ಯಪೂ ಇಲ್ಲದೆ ಅರ್ಧ ಕೆಲಸ ಮುಗಿಯುತ್ತದೆ. ಅಪ್ಪನಿಗೂ ಎಂದಾಗಲೇ ಅದು ಕಷ್ಟವಾಗುವುದು.

ಬೀಗವನ್ನು ಸರ್ಕಾರವೇ ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ದಕ್ಷಿಣ ಕೊರಿಯಾ ನೋಡಬೇಕು. 2015ರಲ್ಲಿ ಅಲ್ಲಿ 19ರೊಳಗಿನವರ ಹೊಸ ಫೋನುಗಳಲ್ಲಿ ಹಾನಿಕರ ವಿಷಯ ತಡೆಯುವ ವ್ಯವಸ್ಥೆ ಕಡ್ಡಾಯವಾಯಿತು. ಸರ್ಕಾರದ ಬೆಂಬಲವಿದ್ದ ‘ಸ್ಮಾರ್ಟ್ ಶೆರಿಫ್’ ಎಂಬ ಆ್ಯಪ್ ಹೆಸರುವಾಸಿಯಾಯಿತು. ಅದೇ ಸೆಪ್ಟೆಂಬರ್‌ನಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್, ಭದ್ರತಾ ತಜ್ಞರೊಡನೆ ಸೇರಿ ಅದರಲ್ಲಿ 26 ತೂತುಗಳನ್ನು ತೋರಿಸಿತು. ಮಕ್ಕಳ ಖಾಸಗಿ ವಿವರಗಳು ಹೊರಗಿನವರ ಕೈಗೆ ಸಿಗುವಂತಿದ್ದವು, ಆ್ಯಪನ್ನೇ ಬೇರೆಯವರು ಹತೋಟಿಗೆ ತೆಗೆದುಕೊಳ್ಳಬಹುದಿತ್ತು. ಬೇಲಿಯೇ ಎದ್ದು ಹೊಲ ಮೇಯುವ ಸ್ಥಿತಿ. ನವೆಂಬರ್ ಹೊತ್ತಿಗೆ ಆ್ಯಪ್ ಹಿಂದೆ ಸರಿಯಿತು. ಗುಟ್ಟಾಗಿ ಮೆಸೇಜ್ ಓದಿಸುವ, ಫೋಟೊ ತೋರಿಸುವ ಬೇಹುಗಾರಿಕೆ ಆ್ಯಪ್‌ಗಳನ್ನು ಹಣ ಕೊಟ್ಟು ಮಕ್ಕಳ ಫೋನಿಗೆ ತುಂಬುವವರು ಈ ಕಥೆ ನೆನಪಿಟ್ಟುಕೊಳ್ಳುವುದು ಒಳ್ಳೆಯದು. ನೀವು ಓದುವ ಮೆಸೇಜು ಮೊದಲು ಯಾರದೋ ಸರ್ವರಿಗೆ ಹೋಗಿ ಬಂದಿರುತ್ತದೆ.

ಆಸ್ಟ್ರೇಲಿಯಾ ಬೇರೆ ದಾರಿ ಹಿಡಿಯಿತು. 2024ರ ನವೆಂಬರ್‌ನಲ್ಲಿ ಕಾಯ್ದೆ ಮಾಡಿ, 2025ರ ಡಿಸೆಂಬರ್ 10ರಿಂದ 16ರೊಳಗಿನವರಿಗೆ ಖಾತೆಯನ್ನೇ ನಿಷೇಧಿಸಿತು. ಇನ್‌ಸ್ಟಾಗ್ರಾಮ್, ಫೇಸ್‌ಬುಕ್, ಟಿಕ್‌ಟಾಕ್, ಸ್ನ್ಯಾಪ್‌ಚಾಟ್, ಯೂಟ್ಯೂಬ್ ಎಲ್ಲ ಸೇರಿವೆ, ವಾಟ್ಸ್‌ಆ್ಯಪ್ ಹೊರಗಿದೆ. ಮಗುವಿಗಾಗಲಿ ಹೆತ್ತವರಿಗಾಗಲಿ ಶಿಕ್ಷೆಯಿಲ್ಲ. ತಪ್ಪಿದ ಕಂಪನಿಗೆ 4.95 ಕೋಟಿ ಆಸ್ಟ್ರೇಲಿಯನ್ ಡಾಲರ್‌ವರೆಗೆ ದಂಡ. ಹೊಣೆಯನ್ನು ಅಡುಗೆಮನೆಯಿಂದ ಎತ್ತಿ ಕಂಪನಿಯ ಮೇಜಿನ ಮೇಲಿಟ್ಟದ್ದು ಈ ಕಾಯ್ದೆಯ ದೊಡ್ಡ ಅಂಶ. ಆದರೆ ಅಲ್ಲೂ ಲಾಗಿನ್ ಆಗದೆ ಯೂಟ್ಯೂಬ್ ನೋಡುವುದಕ್ಕೆ ಅಡ್ಡಿಯಿಲ್ಲ.

ನಮ್ಮಲ್ಲಿ ಮಾತು ಮೊದಲೇ ಎದ್ದಿತ್ತು. 2023ರ ಸೆಪ್ಟೆಂಬರ್‌ನಲ್ಲಿ ಎಕ್ಸ್ ಕಂಪನಿಯ ಮೇಲ್ಮನವಿ ಕೇಳುತ್ತಿದ್ದ ಕರ್ನಾಟಕ ಹೈಕೋರ್ಟಿನ ವಿಭಾಗೀಯ ಪೀಠ, ಶಾಲಾಮಕ್ಕಳು ಇದರ ಚಟಕ್ಕೆ ಬಿದ್ದಿದ್ದಾರೆ, ಮದ್ಯಕ್ಕೆ ಇರುವಂತೆ ಇದಕ್ಕೂ ವಯೋಮಿತಿ ಇರಲಿ ಎಂದು ಮೌಖಿಕವಾಗಿ ಅಭಿಪ್ರಾಯಪಟ್ಟಿತ್ತು. 2025ರ ಏಪ್ರಿಲ್‌ನಲ್ಲಿ 13ರೊಳಗಿನವರಿಗೆ ನಿಷೇಧ ಬೇಡಿದ ಅರ್ಜಿಯನ್ನು ಸುಪ್ರೀಂ ಕೋರ್ಟ್, ಇದು ನೀತಿಯ ವಿಚಾರ, ಸಂಸತ್ತನ್ನು ಕೇಳಿ ಎಂದು ಕೈಬಿಟ್ಟಿತು. ಈ ನಡುವೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ. ಇದರ ಪ್ರಕಾರ 18 ತುಂಬದವರೆಲ್ಲ ಮಕ್ಕಳು. ಅವರ ವಿವರ ಬಳಸಲು ಹೆತ್ತವರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು, ಅವರ ಜಾಡು ಹಿಡಿದು ಜಾಹೀರಾತು ತೋರಿಸುವಂತಿಲ್ಲ. 2025ರ ನವೆಂಬರ್‌ನಲ್ಲಿ ನಿಯಮಗಳು ಹೊರಬಿದ್ದವು, ಮುಖ್ಯ ಹೊಣೆಗಳು ಜಾರಿಗೆ ಬರಲು 18 ತಿಂಗಳ ಕಾಲಾವಕಾಶವಿದೆ. ಒಪ್ಪಿಗೆ ಪರಿಶೀಲಿಸಲು ಡಿಜಿಲಾಕರ್‌ನಂಥ ವ್ಯವಸ್ಥೆಯ ಟೋಕನ್ ಬಳಸಬಹುದು. ಇಲ್ಲೂ ಅದೇ ಬಾಗಿಲು, ಅದೇ ಅಳತೆಯ ತೊಂದರೆ. ಡಿಜಿಲಾಕರ್‌ನ ಒಟಿಪಿ ಬರುವುದು ಅಮ್ಮನ ನಂಬರಿಗೆ, ಆ ಫೋನು ಇರುವುದು ಮಗನ ಕೈಯಲ್ಲಿ. ನಿಯಮ ಬರೆದವರ ಕಣ್ಣ ಮುಂದೆ ಮನೆಗೊಂದು ಫೋನಿನ ಸಂಸಾರ ಇದ್ದಂತಿಲ್ಲ.

ಇನ್ನೊಂದು ಸಂಗತಿಯನ್ನು ನಾವು ಮೆಲ್ಲಗೆ ಬದಿಗೆ ಸರಿಸುತ್ತೇವೆ. ಬೀಗ ಬೀಳುವುದು ಯಾರ ಫೋನಿಗೆ? ಅಸರ್‌ನಲ್ಲಿ ಸ್ವಂತ ಫೋನಿದ್ದ ಹುಡುಗರು ಶೇ 36.2, ಹುಡುಗಿಯರು ಶೇ 26.9. ಮಗನಿಗೆ ‘ಹಾಳಾಗ್ತೀಯ ಕಣೋ’ ಎಂದು ಬೈದು ಫೋನ್ ಕೈಗೆ ಕೊಡುವ ಮನೆ, ಮಗಳದ್ದನ್ನು ಕಿತ್ತು ಬೀರುವಿನಲ್ಲಿಡುತ್ತದೆ. ಲೊಕೇಷನ್ ತೋರಿಸುವ ಸೌಲಭ್ಯ ಕಾಲೇಜು ಮುಗಿಸಿದ ಮಗಳ ಬೆನ್ನು ಬಿಡದೆ ಮದುವೆಯ ತನಕ ಹಿಂಬಾಲಿಸಬಲ್ಲದು. ಕೇರಳದ ಹಾಸ್ಟೆಲ್ ಒಂದು ಸಂಜೆ ಆರರಿಂದ ಹತ್ತರವರೆಗೆ ಫೋನ್ ನಿಷೇಧಿಸಿದಾಗ ವಿದ್ಯಾರ್ಥಿನಿಯೊಬ್ಬಳು ಕೋರ್ಟಿಗೆ ಹೋದಳು. 2019ರ ಸೆಪ್ಟೆಂಬರ್‌ನಲ್ಲಿ ಕೇರಳ ಹೈಕೋರ್ಟ್, ಇಂಟರ್ನೆಟ್ ಬಳಕೆ ಶಿಕ್ಷಣದ ಮತ್ತು ಖಾಸಗಿತನದ ಹಕ್ಕಿನ ಭಾಗ ಎಂದು ಹೇಳಿ ಅವಳನ್ನು ಹಾಸ್ಟೆಲಿಗೆ ಮರಳಿ ಸೇರಿಸಿತು. ಅವಳು ವಯಸ್ಕಳು, ಹನ್ನೊಂದರ ಮಗುವಿಗೆ ಆ ತೀರ್ಪನ್ನು ಎಳೆಯಬಾರದು. ಆದರೆ ಬೀಗ ತೆಗೆಯುವ ದಿನ ಯಾವುದು ಎಂದು ಹಾಕುವ ದಿನವೇ ಮನೆಯಲ್ಲಿ ಮಾತಾಡಿಕೊಳ್ಳಬೇಕು ಎನ್ನುವುದಕ್ಕೆ ಅದು ಸಾಕು.

ನನ್ನ ಲೆಕ್ಕ ಹೀಗಿದೆ. ಹತ್ತರ ಒಳಗೆ ಅಮ್ಮನ ಫೋನು, ಒಂದೇ ಆ್ಯಪ್ ಪಿನ್ ಮಾಡಿ, ಹಜಾರದಲ್ಲಿ, ಎಲ್ಲರ ಕಣ್ಣೆದುರು. ಹನ್ನೊಂದರಿಂದ ಹದಿಮೂರರವರೆಗೆ ಬೇರೆ ಫೋನ್ ಕೊಡಲೇಬೇಕಾಗಿ ಬಂದರೆ ನಿಜವಾದ ವಯಸ್ಸಿನ ಖಾತೆ, ಫ್ಯಾಮಿಲಿ ಲಿಂಕ್, ಇನ್‌ಸ್ಟಾ ಪೂರ್ತಿ ಬಂದ್. ಈ ವಯಸ್ಸಿನಲ್ಲಿ ಬೀಗಕ್ಕೆ ಬೆಲೆಯಿದೆ, ಹಿಂಜರಿಯಬೇಕಿಲ್ಲ. ಹದಿನಾಲ್ಕರಿಂದ ಅದು ಪ್ರತಿವರ್ಷ ಸಡಿಲಾಗಬೇಕು: ಖಾತೆಯಿರಲಿ, ಪ್ರೈವೇಟ್ ಇರಲಿ, ಹೊತ್ತಿಗೆ ಮಿತಿಯಿರಲಿ, ಮೆಸೇಜ್ ಓದುವುದು ಬೇಡ. ಅಸರ್‌ನಲ್ಲೇ ಸೋಷಿಯಲ್ ಮೀಡಿಯಾ ಬಳಸುವ ಮಕ್ಕಳಲ್ಲಿ ಪ್ರೊಫೈಲ್ ಒಂದನ್ನು ಬ್ಲಾಕ್ ಇಲ್ಲವೇ ರಿಪೋರ್ಟ್ ಮಾಡಲು ಬಲ್ಲವರು ಶೇ 62, ತಮ್ಮದನ್ನು ಪ್ರೈವೇಟ್ ಮಾಡಲು ಬಲ್ಲವರು ಶೇ 55. ಉಳಿದವರಿಗೆ ಅಷ್ಟನ್ನು ಹೇಳಿಕೊಡಲು ಒಂದು ಭಾನುವಾರ ಸಾಕು. ಊಟ, ನಿದ್ದೆ, ಶಾಲೆ ಮೂರೂ ಕೆಟ್ಟು, ಫೋನ್ ಕಿತ್ತರೆ ಮನೆ ರಣರಂಗವಾಗುವ ಹಂತ ತಲುಪಿದ್ದರೆ ಅದು ಸೆಟ್ಟಿಂಗ್ಸ್ ಕೈಯಲ್ಲಿ ಇಲ್ಲ. ಬೆಂಗಳೂರಿನ ನಿಮ್ಹಾನ್ಸ್ 2014ರಿಂದ ‘ಶಟ್’ ಹೆಸರಿನ ಕ್ಲಿನಿಕ್ ನಡೆಸುತ್ತಿರುವುದು ಇಂಥವರಿಗಾಗಿಯೇ.

ಯಾವ ಬೀಗವೂ ತಡೆಯದ ದಿನ ಒಂದು ಬರಬಹುದು: ಗೆಳತಿ ಎಂದುಕೊಂಡು ಫೋಟೊ ಕಳಿಸಿದವಳಿಗೆ ಆಚೆಯಿಂದ ಬೆದರಿಕೆ. ಮಕ್ಕಳು ಅದನ್ನು ಮುಚ್ಚಿಡುವುದು ಬೆದರಿಸುವವನಿಗೆ ಹೆದರಿ ಎಷ್ಟೋ, ಫೋನ್ ಕಿತ್ತುಕೊಳ್ಳುವ ಅಪ್ಪನಿಗೆ ಹೆದರಿಯೂ ಅಷ್ಟೇ. ‘ಏನೇ ಆದ್ರೂ ನಂಗೆ ಹೇಳು, ಫೋನ್ ಕಿತ್ಕೊಳ್ಳಲ್ಲ’ ಎಂಬ ಮಾತನ್ನು ಮೊದಲೇ ಕೊಟ್ಟಿರಬೇಕು, ಕೊಟ್ಟ ಮೇಲೆ ಉಳಿಸಿಕೊಳ್ಳಬೇಕು. ಮಕ್ಕಳ ಸಹಾಯವಾಣಿ 1098, ಸೈಬರ್ ಅಪರಾಧಕ್ಕೆ 1930. ಹಣ ಕೊಡಬೇಡಿ, ಚಾಟ್ ಅಳಿಸಬೇಡಿ. 18ರೊಳಗೆ ತೆಗೆದ ನಗ್ನ ಚಿತ್ರ ಹರಡದಂತೆ ತಡೆಯಲು ಅಮೆರಿಕದ ಮಕ್ಕಳ ಸಂಸ್ಥೆಯೊಂದು ನಡೆಸುವ ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆಯಿದೆ. ಹೆಸರು ಹೇಳಬೇಕಿಲ್ಲ, ಚಿತ್ರ ಅವರಿಗೆ ಹೋಗುವುದೂ ಇಲ್ಲ. ಫೋನಿನಲ್ಲೇ ಆ ಚಿತ್ರಕ್ಕೊಂದು ಅಂಕಿ-ಅಕ್ಷರದ ಗುರುತು ತಯಾರಾಗಿ, ಆ ಗುರುತನ್ನು ಮಾತ್ರ ಇನ್‌ಸ್ಟಾಗ್ರಾಮ್, ಫೇಸ್‌ಬುಕ್‌ನಂಥ ಕಂಪನಿಗಳಿಗೆ ಕೊಡುತ್ತಾರೆ. ಗುರುತು ತಯಾರಾಗಬೇಕಾದರೆ ಚಿತ್ರ ಕೈಯಲ್ಲಿರಬೇಕು. ಸಿಟ್ಟಿನಲ್ಲಿ ಫೋನ್ ಕಿತ್ತು ಎಲ್ಲವನ್ನೂ ಡಿಲೀಟ್ ಮಾಡಿದ ಮನೆಗಳಿಗೆ ಆ ದಾರಿಯೂ ಮುಚ್ಚುತ್ತದೆ.